ಎತ್ತಿನ ಮಂಡಿಯ ನೀರು

"ಹೊಡ್ದಿದ್ದು ಇವ್ನೇ ಅಂತ ಬರ್ಕೊಡಿ ಮೇಡಂ!" ಎಂದು ಅಣ್ಣ ನನ್ನ ಮೇಜಿಗೆ ಗುದ್ದಿದ.

"ಹೊಡ್ದಿಲ್ಲ ಕಣಣ್ಣ! ಬದು ದಾಟುವಾಗ ಜಾರಿ ಕಲ್ಲಿಗೆ ಬಡ್ಕೊಂತು," ಎಂದು ತಮ್ಮ ಕಿರುಚಿದ.

ಗಂಡಸಿ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರಾಗಿದ್ದಾಗ ನಡೆದದ್ದು ಇದು. ಅಣ್ಣನ ಎತ್ತು ತಮ್ಮನ ರಾಗಿ ಹೊಲಕ್ಕೆ ನುಗ್ಗಿತ್ತು, ವಾಪಸು ಬರುವಾಗ ಕುಂಟುತ್ತಿತ್ತು. ಬಲ ಮುಂಗಾಲಿನ ಮಂಡಿ ಊದಿಕೊಂಡಿತ್ತು. ಅಣ್ಣತಮ್ಮಂದಿರು ನನ್ನೆದುರೇ ಕೊರಳಪಟ್ಟಿ ಹಿಡಿದುಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. "ಥೂ, ಸುಮ್ನಿರ್ರೀ ಇಬ್ರೂ! ಮಂಡಿಯ ನೀರು ತೆಗೆದು ನೋಡಿದ್ರೆ ಗೊತ್ತಾಗುತ್ತೆ," ಎಂದು ಗದರಿದೆ. ಹಾಗೆ ಬಾಯಿ ಬಿಟ್ಟದ್ದೇ ತಪ್ಪು.

ಎತ್ತನ್ನು ಕೆಡವಿ ಕಾಲು ಕಟ್ಟಿದೆವು. ಆದರೂ ಅದು ಒದ್ದ ಒದೆತಕ್ಕೆ ನನ್ನ ಮುಂಗೈಯ ಚರ್ಮ ಕಿತ್ತುಬಂತು. ಹೋಲಿಸಿ ನೋಡಲು ಚೆನ್ನಾಗಿದ್ದ ಎಡಮಂಡಿಗೂ ಸೂಜಿ ಚುಚ್ಚಿದೆ. ಅದರ ನೀರು ತಿಳಿಹಳದಿ, ಮೊಟ್ಟೆಯ ಬಿಳಿಯಷ್ಟು ಅಂಟು. ಬೆರಳಲ್ಲಿ ಎಳೆದರೆ ಉದ್ದಕ್ಕೆ ಎಳೆ ಬಂತು. ಸೂಕ್ಷ್ಮದರ್ಶಕದಲ್ಲಿ ಹೆಚ್ಚೂಕಡಿಮೆ ಖಾಲಿ. ಅಲ್ಲೊಂದು ಇಲ್ಲೊಂದು ದುಂಡನೆಯ ಜೀವಕೋಶ, ಅಷ್ಟೇ. ಆ ಅಂಟಿಗೆ ಕಾರಣವಾದ ಉದ್ದುದ್ದ ಅಣುಗಳು ನನ್ನ ಮಸೂರಕ್ಕೆ ಕಾಣುವಂಥವಲ್ಲ. ಅಷ್ಟು ದೊಡ್ಡ ಪ್ರಾಣಿ ಮೂಳೆಗೆ ಮೂಳೆ ಉಜ್ಜದೆ ನಡೆಯುವುದು ಈ ಖಾಲಿಯ ಮೇಲೆ! ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಬಲಮಂಡಿಯದು ತೆಳ್ಳಗೆ, ಕೆಂಪಗೆ ತೊಟ್ಟಿಕ್ಕಿತು. ಗಾಜಿನ ಮೇಲೆ ರಕ್ತಕಣಗಳು ಕಿಕ್ಕಿರಿದಿದ್ದವು.

"ಹೊಸ ಪೆಟ್ಟು, ಜೋರಾಗೇ ಬಿದ್ದಿದೆ," ಎಂದೆ. ಜಾರಿ ಕಲ್ಲಿಗೆ ಬಡಿದರೂ ಹೀಗೇ ರಕ್ತ ಇಳಿಯುತ್ತದೆ, ಹೊಡೆದವರ ಗುರುತು ರಕ್ತಕಣದಲ್ಲಿ ಇರುವುದಿಲ್ಲ. ಅದನ್ನು ಹೇಳಬೇಕಿತ್ತು. ಒದೆ ತಿಂದ ಕೈ ಉರಿಯುತ್ತಿತ್ತು, ತಮ್ಮನ ಕೂಗಾಟ ತಲೆ ಚಿಟ್ಟುಹಿಡಿಸಿತ್ತು. "ಹೊಡ್ದಿದ್ದೇ ಇರಬೇಕು," ಅಂದುಬಿಟ್ಟೆ.

ಅಣ್ಣ ಗೋಡೆಗೆ ಒರಗಿಸಿದ್ದ ಹಾರೆ ಎತ್ತಿ ತಮ್ಮನ ಮಂಡಿಗೆ ಬಾರಿಸಿದ. ತೆಂಗಿನಕಾಯಿ ಒಡೆದಂಥ ಸದ್ದು. ತಮ್ಮ ನೆಲಕ್ಕುರುಳಿದ, ಅಣ್ಣ ಮತ್ತೆ ಹಾರೆ ಎತ್ತಿದ. ನಾನೂ ನಮ್ಮ ಸಹಾಯಕರೂ ಅವನ ತೋಳಿಗೆ ಜೋತುಬಿದ್ದೆವು. ಅಷ್ಟರಲ್ಲಿ ಇನ್ನೊಂದು ಏಟು ಅದೇ ಮಂಡಿಗೆ ಬಿದ್ದಾಗಿತ್ತು.

ಎರಡು ತಿಂಗಳಿಗೆ ಎತ್ತು ವಾಸಿಯಾಯಿತು. ಅದನ್ನು ನೋಡಲು ಅವರೂರಿಗೆ ಹೋದಾಗ ಪಕ್ಕದ ಮನೆಯ ಜಗಲಿಯಿಂದ ತಮ್ಮ ನನ್ನನ್ನು ಕರೆದ. ಕಾಲು ನೀಡಿಕೊಂಡು ಕೂತಿದ್ದ; ಅದು ಮಡಚುತ್ತಿರಲಿಲ್ಲ.

"ಬನ್ನಿ ಮೇಡಂ," ಎಂದು ಪಂಚೆ ಸರಿಸಿದ. "ಇದಕ್ಕೂ ಒಂದ್ ಸೂಜಿ ಹಾಕಿ ನೋಡಿ. ಹೊಡ್ದಿದ್ದು ನಮ್ಮಣ್ಣನೋ ನೀವೋ, ಹೇಳಿ."