ಮೂರು ನಿಮಿಷದ ಗೌರಿ

ವಿಜ್ಞಾನವು ಮನುಷ್ಯ ಮನುಷ್ಯರ ನಡುವಿನ ದೂರವನ್ನು ಅಳಿಸಿಹಾಕುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರ ಮನೆಯಲ್ಲಿ ಎಂಥ ಫೋನಿತ್ತೋ ನಾನರಿಯೆ. ನಮ್ಮ ಮನೆಯದು ಚೆಂಬೂರಿನಿಂದ ವಿಲೆ ಪಾರ್ಲೆ ಮುಟ್ಟುವಷ್ಟರಲ್ಲೇ ಏದುಸಿರು ಬಿಡುತ್ತಿತ್ತು.

ಎಂಬತ್ತರ ದಶಕದ ನಡುಭಾಗದ ಮಾತು. ಬಿಲ್ಡಿಂಗಿನಲ್ಲಿ ಇನ್ನೊಂದು ಫೋನಿರಲಿಲ್ಲವಾದ್ದರಿಂದ, ಅದು ನಮ್ಮದು ಎಂಬ ಮಾತು ಬಿಲ್ಲು ಬಂದ ದಿನಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಉಳಿದ ದಿನ ಅದು ಸಾರ್ವಜನಿಕ ಆಸ್ತಿ. ನೆರೆಯವರ ಮದುವೆಯ ಕರೆಯೋಲೆಗಳಲ್ಲಿ ನಮ್ಮ ನಂಬರು, ಅದರ ಪಕ್ಕದಲ್ಲಿ ‘ಪಿ.ಪಿ.’ ಎಂಬ ಎರಡಕ್ಷರ ಅಚ್ಚಾಗುತ್ತಿದ್ದವು. ಫೋನು ಪರರದು, ದಯವಿಟ್ಟು ಕರೆಸಿಕೊಳ್ಳಿ ಎಂದು ಅರ್ಥ. ಮೇಲಿನ ಮಹಡಿಯ ಉಡುಪಿಯ ಕಡೆಯ ಯಜಮಾನರಿಗೆ ಬೈಕುಲ್ಲಾದಲ್ಲಿ ಹೋಟೆಲಿತ್ತು. ಅವರು ಪ್ರತಿದಿನ ಬೆಳಗ್ಗೆ ನಮ್ಮ ಕುರ್ಚಿಯಲ್ಲಿ ಕೂತು ತಮ್ಮ ಅಡುಗೆಯವನನ್ನು ವಿಚಾರಿಸಿಕೊಳ್ಳುತ್ತಿದ್ದರು. ಬೈಕುಲ್ಲಾದಲ್ಲಿ ಇಡ್ಲಿ ಹಿಟ್ಟು ಹುದುಗಿದೆಯೋ ಇಲ್ಲವೋ ಎಂಬುದು ನನಗೆ ಪ್ರಪಂಚದ ಬೇರೆಲ್ಲ ಸುದ್ದಿಗಿಂತ ಮೊದಲು ತಿಳಿಯುತ್ತಿತ್ತು.

ನನ್ನ ಹೆಂಡತಿಗೆ ಬೇಕಾಗಿದ್ದದ್ದು ಹಿಟ್ಟಲ್ಲ, ಹಾಡು.

ಅವಳ ತಾಯಿ ಬೇಗ ಹೋಗಿಬಿಟ್ಟಿದ್ದರು. ಅವಳನ್ನು ಎತ್ತಿ ಆಡಿಸಿ ಜಡೆ ಹಾಕಿ ಬೆಳೆಸಿದವರು ದೊಡ್ಡಕ್ಕ. ಆ ಅಕ್ಕ ಮೈಸೂರಿನಲ್ಲಿದ್ದರು. ಇವರಿಬ್ಬರ ತಾಯಿಗೆ ಗೌರಿ ಹಬ್ಬದ ಒಂದು ಆರತಿ ಹಾಡು ಬರುತ್ತಿತ್ತು. ಗೌರಿ ತವರಿಗೆ ಬರುವ ಹಾಡು. ಮೊದಲ ನುಡಿಯಲ್ಲಿ ಅವಳು ದೋಣಿಯಲ್ಲಿ ಹೊಳೆ ದಾಟುತ್ತಾಳೆ. ಎರಡನೆಯದರಲ್ಲಿ ಊರ ಮುಂದಿನ ಅರಳಿಕಟ್ಟೆ. ಹೀಗೆ ನುಡಿಗೊಂದು ಜಾಗ ದಾಟುತ್ತಾ ಕೊನೆಗೆ ಹೊಸ್ತಿಲು ತುಳಿದು ಒಳಗೆ ಬಂದು ಮಣೆಯ ಮೇಲೆ ಕೂರುತ್ತಾಳೆ. ಈ ಹಾಡು ಪೂರ್ತಿ ಬರುತ್ತಿದ್ದದ್ದು ಈಗ ಅಕ್ಕನಿಗೆ ಮಾತ್ರ. ನನ್ನ ಹೆಂಡತಿ ಕಲಿತಿದ್ದದ್ದು ಮೊದಲ ನುಡಿ. ಪ್ರತಿ ವರ್ಷ ಹಬ್ಬದ ದಿನ ಅವಳು ಅದೊಂದನ್ನೇ ತಿರುಗಿಸಿ ಮುರುಗಿಸಿ ಹೇಳಿ ಆರತಿ ಎತ್ತುತ್ತಿದ್ದಳು. ಹೀಗಾಗಿ ನಮ್ಮ ಮನೆಯ ಗೌರಿ, ನಮ್ಮ ಮದುವೆಯಾದ ಲಾಗಾಯ್ತಿನಿಂದ, ದೋಣಿಯಲ್ಲೇ ಇದ್ದಳು.

ಊರಿಗೆ ಹೋದಾಗ ಕಲಿಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾವು ಊರಿಗೆ ಹೋಗುತ್ತಿದ್ದದ್ದು ಬೇಸಗೆ ರಜೆಯಲ್ಲಿ. ಬೇಸಗೆಯಲ್ಲಿ ಅಕ್ಕ ಆ ಹಾಡಿಗೆ ಬಾಯಿ ತೆರೆಯುತ್ತಿರಲಿಲ್ಲ. ಶ್ರಾವಣ ಹುಟ್ಟುವ ಮೊದಲು ಹೇಳಿದರೆ ಗೌರಿ ಕಾಲವಲ್ಲದ ಕಾಲದಲ್ಲಿ ಹೊರಟು ಬಂದುಬಿಡುತ್ತಾಳೆ, ಆಗ ಮಡಿಲಕ್ಕಿ ಎಲ್ಲಿಂದ ತರೋದು ಎಂಬುದು ಅವರ ನಿಲುವು. ಬರೆದು ಕಳಿಸಿ ಎಂದರೆ ರಾಗ ಕಾಗದದಲ್ಲಿ ಇಳಿಯುವುದಿಲ್ಲ. ಟೇಪ್ ರೆಕಾರ್ಡರಿನ ಮಾತೆತ್ತಿದ್ದಕ್ಕೆ, ಡಬ್ಬಿಯ ಮುಂದೆ ಕೂತು ಹಾಡಲು ತಮಗೇನು ಬುದ್ಧಿ ಕೆಟ್ಟಿದೆಯೇ ಎಂದರು. ಫೋನಾದರೆ ಅಡ್ಡಿಯಿಲ್ಲವಂತೆ. ಅದೂ ಡಬ್ಬಿಯೇ, ಆದರೆ ಅದರೊಳಗೆ ತಂಗಿ ಇರುತ್ತಾಳೆ.

ಫೋನೆಂದರೆ ಆಗ ಟ್ರಂಕ್ ಕಾಲ್. ಬುಕ್ ಮಾಡಿ, ಸ್ನಾನ ಊಟ ಮುಂದೂಡಿ, ಕಾಯಬೇಕು. ಸಿಕ್ಕಿದರೆ ಅಕ್ಕನ ಎದುರುಮನೆಯ ವಕೀಲರ ಹಾಲಿನಲ್ಲಿ ಗಂಟೆ ಬಾರಿಸುತ್ತದೆ. ವಕೀಲರ ಮನೆಯವರು ಬಾಗಿಲಿಗೆ ಬಂದು ಕೂಗುತ್ತಾರೆ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬೀದಿ ದಾಟುತ್ತಾರೆ. ಆಮೇಲೆ ಮೂರು ನಿಮಿಷ ಕಿರುಚಾಟ. ನಡುವೆ ಆಪರೇಟರಮ್ಮನ ದನಿ: ಮೂರು ನಿಮಿಷ ಆಯಿತು. ಇಂಥ ಸನ್ನಿವೇಶದಲ್ಲಿ ‘ಅಕ್ಕಾ, ಹಾಡು’ ಎನ್ನಲು ಯಾವ ಬಾಯಿ ಬರುತ್ತದೆ? ಅಲ್ಲದೆ ಕಾರಣವಿಲ್ಲದೆ ದೂರದೂರಿಗೆ ಫೋನು ಮಾಡುವುದು ನಮ್ಮ ಪೈಕಿ ರೂಢಿಯಲ್ಲಿರಲಿಲ್ಲ. ಗಂಟೆ ಬಾರಿಸಿತೆಂದರೆ ಹುಟ್ಟಿರಬೇಕು ಇಲ್ಲವೇ ಸತ್ತಿರಬೇಕು.

ಆದ್ದರಿಂದ ನಮ್ಮ ಲೈನಿಗೆ ಎಸ್‌ಟಿಡಿ ಹಾಕಿಸಬೇಕು, ನಾವೇ ನಂಬರು ತಿರುಗಿಸಿ ಎಷ್ಟು ಹೊತ್ತು ಬೇಕಾದರೂ ಮಾತಾಡುವಂತಾಗಬೇಕು, ಅದೂ ಶ್ರಾವಣದೊಳಗೆ ಆಗಬೇಕು ಎಂದು ಗೃಹ ಇಲಾಖೆಯ ಆದೇಶವಾಯಿತು. ನಾನು ಅರ್ಜಿ ಹಿಡಿದು ಟೆಲಿಫೋನ್ ಆಫೀಸಿಗೆ ಹೋದೆ. ಅಲ್ಲಿನ ಸಾಹೇಬರು ನನಗೆ ಮೈಸೂರಿನಲ್ಲಿ ಏನು ಧಂಧೆ ಎಂದು ಕೇಳಿದರು. ನನ್ನ ಹಿಂದಿ ತರಕಾರಿಗೂ ಲೋಕಲ್ ರೈಲಿನ ಜಗಳಕ್ಕೂ ಸಾಕಾಗುವಷ್ಟಿತ್ತು. ದೋಣಿಯಲ್ಲಿ ಸಿಕ್ಕಿಕೊಂಡ ಗೌರಿಯನ್ನು ಅದರಲ್ಲಿ ದಡ ಮುಟ್ಟಿಸುವುದು ಅಸಾಧ್ಯ.

“ಘರ್ ಕಾ ಕಾಮ್ ಹೈ,” ಮನೆಯ ಕೆಲಸ, ಎಂದೆ.

ಅವರು ಗಂಭೀರವಾಗಿ ತಲೆಯಾಡಿಸಿದರು. ಹೆಂಡತಿ ಕಳಿಸಿದ್ದಾಳೆ ಎಂಬುದು ಯಾವ ಭಾಷೆಯಲ್ಲಾದರೂ ಮುಖದ ಮೇಲೆ ಬರೆದಿರುತ್ತದೆ. ಹೊಸ ಎಕ್ಸ್‌ಚೇಂಜು ತಯಾರಾಗುತ್ತಿದೆ, ನಮ್ಮ ಬಿಲ್ಡಿಂಗಿನ ಹಳೇ ತಂತಿ ಬದಲಾಗಿ ನಂಬರೂ ಬದಲಾದ ಮೇಲೆ ಎಸ್‌ಟಿಡಿ ತಾನಾಗಿ ಬರುತ್ತದೆ ಎಂದರು. ಯಾವಾಗ ಎಂಬ ಪ್ರಶ್ನೆಗೆ ಅವರು ಕಿಟಕಿಯಾಚೆ ಮಳೆಯನ್ನು ನೋಡಿದರು. ನಾನೂ ನೋಡಿದೆ.

ಆಷಾಢದ ಕೊನೆಯಲ್ಲಿ ಲೈನ್‌ಮನ್ನುಗಳು ಬಂದರು. ಮೆಟ್ಟಿಲ ಕೆಳಗಿನ ಡಬ್ಬಿ ಬಿಚ್ಚಿ, ಕಿಟಕಿಯ ಪಕ್ಕ ಹೊಸ ತಂತಿ ಎಳೆದು, ಚಹಾ ಕುಡಿದು, ನಾಳೆ ಚಾಲೂ ಆಗುತ್ತದೆ ಎಂದು ಹೇಳಿ ಹೋದರು. ಆ ನಾಳೆ ಒಂದು ವಾರ ಬರಲಿಲ್ಲ. ಅಷ್ಟು ದಿನವೂ ಫೋನು ಕಿವಿಗಿಟ್ಟರೆ ಬಾವಿಯೊಳಗೆ ಬಗ್ಗಿದ ಹಾಗೆ ಕೇಳುತ್ತಿತ್ತು. ಬಿಲ್ಡಿಂಗಿಗೆ ಸೂತಕ ಬಡಿಯಿತು. ಮಹಡಿಯ ಯಜಮಾನರು ಅಭ್ಯಾಸಬಲದಿಂದ ಬೆಳಗ್ಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು.

“ಹಾಡು ಕೇಳ್ಲಿಕ್ಕೆ ರೇಡಿಯೋ ಉಂಟಲ್ಲ ಮಾರಾಯ್ರೆ,” ಎಂದರು ಒಂದು ದಿನ. “ನನ್ನ ಹಿಟ್ಟಿನ ಗತಿ ಎಂತ?”

ಒಳಗಿನಿಂದ ಹೆಂಡತಿಯ ಉತ್ತರ ಬಂತು: “ರೇಡಿಯೋದಲ್ಲಿ ನಮ್ಮಕ್ಕ ಹಾಡಲ್ಲ.”

ಯಜಮಾನರು ತಮ್ಮ ತಾಯಿಯ ಪಾಡ್ದನ ಕೇಳಿ ಎಷ್ಟು ವರ್ಷವಾಯಿತೋ ಎಂದು ತಮಗೇ ಹೇಳಿಕೊಂಡು ಎದ್ದು ಹೋದರು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೇಳುವ ತುಳು ಹಾಡುಗಳು ಅವು. ಅಲ್ಲಿಂದ ಮುಂದೆ ಹಿಟ್ಟಿನ ಪ್ರಸ್ತಾಪ ಬರಲಿಲ್ಲ.

ಶ್ರಾವಣದ ಮೊದಲ ಭಾನುವಾರಕ್ಕೆ ಲೈನು ಬಂತು. ಹೆಂಡತಿ ತಲೆಗೆ ಎರೆದುಕೊಂಡು, ಒಳ್ಳೆಯ ಸೀರೆ ಉಟ್ಟು ಫೋನಿನ ಮುಂದೆ ಕೂತಳು. ನಾನು ಕಾಯಿ ಒಡೆಯಬೇಕೇ ಎಂದು ಕೇಳಿ ಬೈಸಿಕೊಂಡೆ. ಅವಳು ನಂಬರು ತಿರುಗಿಸಿದಳು. ಮೈಸೂರು ಸಿಕ್ಕಿತು. ವಕೀಲರ ಮನೆಯವರು ಕೂಗಿದ್ದು, ಬೀದಿಯಲ್ಲಿ ಹೂವಿನವಳ ದನಿ, ಅಕ್ಕನ ಚಪ್ಪಲಿ ಬಾಗಿಲಲ್ಲಿ ಬಿಟ್ಟ ಸದ್ದು, ಎಲ್ಲವೂ ಪಕ್ಕದ ಕೋಣೆಯಲ್ಲಿ ಆದ ಹಾಗೆ ಕೇಳಿಸಿತು ಎಂದು ಅವಳು ಆಮೇಲೆ ಹೇಳಿದಳು. ಅಕ್ಕನ ದನಿ ಮಾತ್ರ ನನಗೂ ಕೇಳಿಸಿತು. ಟ್ರಂಕ್ ಕಾಲಿನ ಕಾಲದ ದನಿ ಅದು; ಫೋನಿಲ್ಲದಿದ್ದರೂ ಗುಂತಕಲ್ಲಿನವರೆಗೆ ಬರುವಂಥದು. ಅದೇ ದನಿಯಲ್ಲಿ ಅವರು ಕ್ಷೇಮ ಕೇಳಿದರು, ಮಳೆ ವಿಚಾರಿಸಿದರು, ಅದೇ ದನಿಯಲ್ಲಿ ಹಾಡತೊಡಗಿದರು. ಗೌರಿ ಹೊಳೆ ದಾಟಿದಳು. ಅರಳಿಕಟ್ಟೆ ಸುತ್ತಿ ನಿಂತಳು. ಅಲ್ಲಿಗೆ ಹಾಡು ನಿಂತಿತು.

“ಮೂರು ನಿಮಿಷ ಆಯ್ತು, ಇಡ್ತೀನಿ ಕಣೇ.”

“ಅಕ್ಕಾ, ಇದು ಎಸ್‌ಟಿಡಿ. ಮೂರು ನಿಮಿಷದ ಲೆಕ್ಕ ಇಲ್ಲ. ಎಷ್ಟು ಹೊತ್ತಾದ್ರೂ ಆಡಬಹುದು.”

“ಆಡಬಹುದು ಅಂತ ಆಡ್ತಾರೇನೇ?” ಎಂದು ಅಕ್ಕ ಇಟ್ಟೇಬಿಟ್ಟರು.

ವಕೀಲರ ಹಾಲಿನಲ್ಲಿ ಲೋಲಕದ ಗಡಿಯಾರವೊಂದಿತ್ತು. ಅಕ್ಕ ಅದರ ಮೇಲೆ ಕಣ್ಣಿಟ್ಟುಕೊಂಡೇ ಹಾಡುತ್ತಿದ್ದರಂತೆ. ಆಪರೇಟರಮ್ಮ ಹೋದರೂ ಅವಳ ಜಾಗವನ್ನು ಅಕ್ಕ ತಾವೇ ವಹಿಸಿಕೊಂಡಿದ್ದರು. ಪುನಃ ಫೋನು ಮಾಡಿದರೆ ವಕೀಲರ ಮನೆಯವರು, ಅವರು ಆಗಲೇ ಹೋದರು, ಮುಖ ಅರಳಿಸಿಕೊಂಡೇ ಹೋದರು ಎಂದರು. ಒಂದೇ ದಿನ ಎರಡು ಸಲ ಬೀದಿ ದಾಟಿಸುವುದು ಮರ್ಯಾದೆಯಲ್ಲ. ನನಗೆ ರೇಗಿತು. ಸರ್ಕಾರ ಎಕ್ಸ್‌ಚೇಂಜನ್ನೇ ಬದಲಾಯಿಸಿದೆ, ನಿಮ್ಮಕ್ಕ ಬದಲಾಗಬಾರದೇ ಎಂದೆ. ಹೆಂಡತಿ ಅರಳಿಕಟ್ಟೆಯ ನುಡಿಯನ್ನು ಗುನುಗುತ್ತಾ ಒಲೆಯ ಮುಂದೆ ಹೋದಳು.

ಹೀಗೆ ಗೌರಿ ಭಾನುವಾರಕ್ಕೊಂದು ಹೆಜ್ಜೆಯಂತೆ ಬರತೊಡಗಿದಳು. ಮಳೆ ಹೆಚ್ಚಾಗಿ ಲೈನು ಸಿಗದ ವಾರ ಎಲ್ಲಿದ್ದಳೋ ಅಲ್ಲೇ ನಿಂತಳು. ಇನ್ನೊಂದು ವಾರ ಅಕ್ಕನಿಗೆ ಕೆಮ್ಮು. ಅದೇ ವಾರ ವಕೀಲರ ಮನೆಗೆ ಬೀಗರೂ ಬಂದಿದ್ದರು; ಅವರ ಮುಂದೆ ಹಾಡಲು ನಾಚಿ ಅಕ್ಕ ಬರೀ ಉಪ್ಪಿನಕಾಯಿಯ ವಿಷಯ ಮಾತಾಡಿದರು. ಮಹಡಿಯ ಯಜಮಾನರು ಭಾನುವಾರ ನಮ್ಮ ಬಾಗಿಲಿಗೇ ಬಂದು, ಗೌರಿಯಮ್ಮ ಎಲ್ಲಿಯವರೆಗೆ ಬಂದರು ಎಂದು ಕೇಳಿ ಹೋಗುತ್ತಿದ್ದರು. ಅಂದು ಫೋನು ಹಾಡಿಗೆ ಮೀಸಲೆಂದು ಒಳಗೆ ಕಾಲಿಡುತ್ತಿರಲಿಲ್ಲ.

ಹಬ್ಬಕ್ಕೆ ಮುಂಚಿನ ಕೊನೆಯ ಭಾನುವಾರ ಬಂತು. ಗೌರಿ ಬಾವಿಕಟ್ಟೆ ತಲುಪಿದ್ದಳು. ಉಳಿದದ್ದು ಹೊಸ್ತಿಲು, ಮಣೆ, ಎರಡೇ ನುಡಿ. ಮೂರು ನಿಮಿಷದಲ್ಲಿ ಕ್ಷೇಮಸಮಾಚಾರ ಬಿಟ್ಟರೆ ಎರಡೂ ಆಗುತ್ತವೆ ಎಂದು ನಾನು ಹೆಂಡತಿಗೆ ಯುದ್ಧತಂತ್ರ ಹೇಳಿಕೊಟ್ಟಿದ್ದೆ. ಅಂದು ಲೈನು ತೊಳೆದಿಟ್ಟ ಹಾಗಿತ್ತು. ವಕೀಲರ ಮನೆಯವರು ದೇವಸ್ಥಾನಕ್ಕೆ ಹೋಗಿ ಅಕ್ಕನನ್ನೇ ಮನೆ ಕಾಯಲು ಬಿಟ್ಟಿದ್ದರು.

“ಹೊಸ್ತಿಲಿಂದು ಹೇಳಲೇನೇ?” ಎಂದು ಅಕ್ಕ ಕೇಳಿದ್ದು ನನಗೂ ಕೇಳಿಸಿತು.

ಹೆಂಡತಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. “ಬೇಡಕ್ಕ. ಬಾವಿಕಟ್ಟೇದೇ ಇನ್ನೊಂದ್ಸಲ ಹೇಳು. ಅಲ್ಲೊಂದು ಎಳೆತ ಇದೆಯಲ್ಲ, ಅಮ್ಮ ಎಳೀತಿದ್ದದ್ದು.”

ಅಕ್ಕ ಹೇಳಿದರು. ಅಂದು ಮಾತ್ರ ಕಿರುಚಲಿಲ್ಲ; ನನಗೆ ಏನೂ ಕೇಳಿಸಲಿಲ್ಲ. ಹೆಂಡತಿ ಕಣ್ಣು ಮುಚ್ಚಿ ಕೂತಿದ್ದಳು. ಮೂರು ನಿಮಿಷವಾಯಿತು, ಅಕ್ಕ ಇಟ್ಟರು.

ಬಾವಿಕಟ್ಟೆ ಹೋದ ವಾರವೇ ಬಂದಿತ್ತಲ್ಲ ಎಂದೆ.

“ಬಂದಿತ್ತು.”

“ಮತ್ತೆ?”

“ಎಲ್ಲ ಈ ವರ್ಷವೇ ಬಂದುಬಿಟ್ರೆ, ಮುಂದಿನ ಶ್ರಾವಣಕ್ಕೆ ಏನಂತ ಫೋನ್ ಮಾಡ್ಲಿ ರೀ?”

ಫೋನಿನ ಮೇಲೆ ಕ್ರೋಶಾದ ಬಟ್ಟೆ ಹೊದಿಸಿ ಅವಳು ಅಕ್ಕಿ ಆರಿಸಲು ಕೂತಳು. ನಾನು ಹಬ್ಬಕ್ಕೆ ಬಾಳೆಲೆ ತರಲು ಸ್ಟೇಷನ್ ಕಡೆ ಹೊರಟೆ.

ಆ ವರ್ಷ ನಮ್ಮ ಮನೆಯ ಗೌರಿ ಹೊಳೆ ದಾಟಿ ಬಾವಿಕಟ್ಟೆಯವರೆಗೆ ಬಂದಳು. ಒಳಗೆ ಬಂದದ್ದು ಅದರ ಮುಂದಿನ ವರ್ಷ.