ಎಡಗೈ ಕಲಿಸಿದವಳು

ಪುಕ್ಕಟೆ ಕಲಿಸುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ನಮ್ಮದು ಕುರಿ ಸಾಕಿ ಮಾರುವ ಮನೆ. ಸಂತೆಯಲ್ಲಿ ಅಪ್ಪ ಟವೆಲಿನ ಕೆಳಗೆ ಕೊಳ್ಳುವವನ ಬೆರಳು ಹಿಡಿದೇ ದರ ಮಾತಾಡುತ್ತಿದ್ದ. ಬಾಯಿಬಿಟ್ಟು ಹೇಳುವವನ ಕುರಿಯಲ್ಲಿ ಏನೋ ಐಬಿದೆ ಎಂದೇ ಅವನ ಲೆಕ್ಕ. ಆ ಗುಣ ನನಗೂ ಬಂದಿತ್ತು.

ನಮ್ಮೂರ ಪಕ್ಕದ ಹಿಪ್ಪರಗಿಯಲ್ಲಿ ಬ್ಯಾರೇಜಿನ ಕೆಲಸ ನಡೆದಿದ್ದ ಕಾಲ. ಮೈತುಂಬ ಧೂಳು ಮಾಡಿಕೊಂಡು ಬಸ್ಸಿನಲ್ಲಿ ಜಮಖಂಡಿಯ ಕಾಲೇಜಿಗೆ ಹೋಗುತ್ತಿದ್ದೆ. ನನ್ನ ಎತ್ತರ ನೋಡಿ ಆಟದ ಸರ್ ಬಾಸ್ಕೆಟ್‌ಬಾಲ್‌ಗೆ ಕರೆದರು. ಮೊದಲ ದಿನವೇ ಮಾನ ಹೋಯಿತು. ಚೆಂಡು ಹಿಡಿದವಳನ್ನು ತಡೆಯಬೇಕಿತ್ತು. ನಾನು ಅವಳ ಹಿಂದೆ ಹಿಂದೆಯೇ ಓಡಿದೆ. ಕುರಿ ಮೇಯಿಸುವವರು ಯಾವಾಗಲೂ ಹಿಂಡಿನ ಹಿಂದೆಯೇ ಇರುವವರಲ್ಲವೇ? ಅವಳು ಆರಾಮಾಗಿ ಹೋಗಿ ಚೆಂಡು ಬುಟ್ಟಿಗೆ ಹಾಕಿದಳು.

"ಮುಂದ ನಿಂದರ್ಬೇಕವಾ, ಹಿಂದಲ್ಲ," ಎಂದರು ಸರ್.

ಕುರಿ ಹೊಡೆಯಲು ಬಂದಿದ್ದಾಳೆ ಎಂದು ಹುಡುಗಿಯರು ನಕ್ಕರು. ಆಡುವ ಐವರಲ್ಲಿ ಒಬ್ಬಳಾಗಿ ಇವರ ಬಾಯಿ ಮುಚ್ಚಿಸಬೇಕೆಂದು ಅವತ್ತೇ ಹಟ ಹಿಡಿದೆ.

ನಗದಿದ್ದವಳು ಕ್ಯಾಪ್ಟನ್ ಒಬ್ಬಳೇ. ಊರಿನ ವಕೀಲರ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು. ಎಲ್ಲರೂ ಹೋದ ಮೇಲೆ ಉಳಿದು ನನಗೆ ಕಲಿಸತೊಡಗಿದಳು. ಅಂಗೈಯಿಂದ ಬಡಿಯಬೇಡ, ಬೆರಳ ತುದಿಯಿಂದ ಒತ್ತು, ಮೊಣಕಾಲು ಬಗ್ಗಿಸು, ಚೆಂಡು ನೋಡಬೇಡ. ಇದೆಲ್ಲ ಸರಿ. ಆದರೆ ಎರಡನೇ ವಾರ ನನ್ನ ಬಲಗೈಯನ್ನು ವೇಲಿನಿಂದ ಬೆನ್ನಿಗೆ ಕಟ್ಟಿ, ಇನ್ನು ಎಡಗೈಯಲ್ಲೇ ಆಡು ಎಂದಳು. ತಿಂಗಳುಗಟ್ಟಲೆ ಅದೇ. ಮನೆಯಲ್ಲಿ ಬಂದವರಿಗೆ ಎಡಗೈಯಲ್ಲಿ ನೀರು ಕೊಟ್ಟು ಅವ್ವನ ಕೈಲಿ ಬೈಸಿಕೊಂಡೆ.

ನನಗೆ ಅನುಮಾನ ಹತ್ತಿತು. ನಾವಿಬ್ಬರೂ ಆಡುವ ಜಾಗ ಒಂದೇ. ನನ್ನ ಬಲಗೈ ಕೆಡಿಸಿದರೆ ಅವಳ ಜಾಗ ಭದ್ರ. ಸರ್ ಹತ್ತಿರ ದೂರಿದರೆ, ಅವಳು ಹೇಳಿದಂತೆ ಮಾಡು ಎಂದರು. ಸರಿ, ಇವರೂ ಅವಳ ಕಡೆಯೇ ಎಂದುಕೊಂಡೆ. ಅವಳು ಕೊಟ್ಟ ಹಳೆಯ ಬೂಟಿನೊಳಗೂ ಕೈಹಾಕಿ ನೋಡಿಯೇ ಕಾಲಿಟ್ಟೆ. ಕಡೆಗೆ ತಡೆಯಲಾಗದೆ ಅವಳನ್ನೇ ಕೇಳಿದೆ.

"ಖರೆ ಹೇಳ್ತೀನಿ," ಎಂದಳು. "ಮುಧೋಳದ ತಂಡದಾಗ ಒಬ್ಬಾಕಿ ಎಡಗೈಲೆ ಆಡ್ತಾಳ. ಹ್ವಾದ ವರ್ಷ ಆಕಿನ್ನ ತಡ್ಯಾಕ ನನ್ನ ಕೈಲೆ ಆಗ್ಲಿಲ್ಲ. ಪ್ರಾಕ್ಟೀಸಿಗೆ ನಂಗ ಅಂಥಾಕಿ ಒಬ್ಬಾಕಿ ಬೇಕಿತ್ತು. ಅದಕ್ಕ ನಿನ್ನ ತಯಾರ ಮಾಡಾಕತ್ತೇನಿ."

ಮೈ ಉರಿಯಿತು. ಪುಕ್ಕಟೆ ಯಾರೂ ಕಲಿಸುವುದಿಲ್ಲ ಎಂಬ ನನ್ನ ಲೆಕ್ಕ ಸುಳ್ಳಾಗಲಿಲ್ಲವೆಂದು ಖುಷಿಯೂ ಆಯಿತು, ಅದನ್ನು ಯಾಕೆ ಮುಚ್ಚಿಡಲಿ. ಆದರೂ ಬಿಟ್ಟು ಬರಲಿಲ್ಲ. ಅಷ್ಟು ಹೊತ್ತಿಗೆ ನಾನು ಎಡಗೈಯಲ್ಲಿ ಅವಳನ್ನು ದಾಟಿ ಹೋಗತೊಡಗಿದ್ದೆ. ಓಡಲಿರುವ ಕುರಿಯ ಮುಖ ನೋಡಬಾರದು, ಹೆಗಲು ನೋಡಬೇಕು. ಯಾವ ಕಡೆ ಹೋಗುವುದಿದೆಯೋ ಆ ಕಡೆಗೆ ಹೆಗಲು ಮೊದಲು ವಾಲುತ್ತದೆ. ನನ್ನನ್ನು ತಡೆಯಲು ಬರುವಾಗ ಕ್ಯಾಪ್ಟನ್ ಹೆಗಲೂ ಹಾಗೇ ವಾಲುತ್ತಿತ್ತು. ನಾನು ಇನ್ನೊಂದು ಕಡೆಯಿಂದ ನುಗ್ಗುತ್ತಿದ್ದೆ. ಪ್ರತಿ ಸಲವೂ ನಡೆಯಿತು.

ಮುಧೋಳದ ಪಂದ್ಯಕ್ಕೆ ಒಂದು ವಾರವಿತ್ತು. ಸರ್ ಐವರ ಹೆಸರು ಓದಿದರು. ನನ್ನದಿತ್ತು, ಅವಳದಿರಲಿಲ್ಲ. ಅವಳು ತಲೆ ತಗ್ಗಿಸಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಸಂಜೆ ನನ್ನ ಹತ್ತಿರ ಬಂದಳು.

"ಒಂದ ಮಾತ ಕೇಳ್ತೀನಿ. ನಾ ಎತ್ತಾಗ ಹೊಂಡತೀನಿ ಅನ್ನೂದು ನಿಂಗ ಮೊದಲ ಹ್ಯಾಂಗ ತಿಳೀತೈತಿ? ಹೇಳಿದ್ರ ತಿದ್ದಿಕೊಂತೀನಿ. ಇನ್ನೂ ಒಂದ ವಾರ ಐತಿ."

ಒಂದೇ ಮಾತು ಸಾಕಿತ್ತು. ಹೇಳಿದರೆ ಅವಳು ತಿದ್ದಿಕೊಳ್ಳುತ್ತಾಳೆ, ಸರ್ ಮನಸ್ಸು ಬದಲಿಸುತ್ತಾರೆ, ನಾನು ಮತ್ತೆ ಬೆಂಚಿಗೆ ಹೋಗುತ್ತೇನೆ.

"ನಂಗೂ ಗೊತ್ತಿಲ್ಲಕ್ಕ," ಎಂದೆ.

ಅವಳು ನನ್ನ ಮುಖ ನೋಡಿದಳು. ನಾನಾಗಿದ್ದರೆ ನಂಬುತ್ತಿರಲಿಲ್ಲ. ಅವಳು ನಂಬಿದಳು. ಮರುದಿನ ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಬಂದು, ಮುಧೋಳದವಳು ಹೇಗೆ ಆಡುತ್ತಾಳೆ ಎಂದು ಒಂದೂ ಬಿಡದೆ ನನಗೆ ಹೇಳಿಕೊಟ್ಟಳು.