ಹೈಹೀಲ್ಡ್ ತೊಟ್ಟ ಹೆಜ್ಜೆ ಮೇಷ್ಟ್ರು

ಬೆಳಗಿನ ಐದು ಗಂಟೆ. ಬೀದಿಯಲ್ಲಿ ಬಸ್ಸುಗಳ ಗದ್ದಲ ಶುರುವಾಗುವ ಮೊದಲೇ ಕೆಲಸ ಮುಗಿಯಬೇಕು. ಸ್ಟುಡಿಯೋದ ಪುಟ್ಟ ಕೋಣೆಯಲ್ಲಿ ನಲವತ್ತೆಂಟರ ಗಂಡಸೊಬ್ಬರು ಪ್ಯಾಂಟು ಮಡಚಿ, ಕೆಂಪು ಹೈಹೀಲ್ಡ್ ಚಪ್ಪಲಿ ತೊಟ್ಟು, ಪರದೆ ಮೇಲಿನ ನಾಯಕಿಯ ಕಾಲನ್ನೇ ನೋಡುತ್ತಾ ಕಲ್ಲುಹಾಸಿನ ಮೇಲೆ ಟಕಟಕ ನಡೆಯುತ್ತಿದ್ದಾರೆ. ಮೀಸೆ ಮಾತ್ರ ಹುರಿಗಟ್ಟಿದೆ.

ಶೂಟಿಂಗಿನಲ್ಲಿ ಸರಿಯಾಗಿ ಸಿಗದ ಹೆಜ್ಜೆಸದ್ದನ್ನು ಆಮೇಲೆ ಹೀಗೆ ನಡೆದು ತುಂಬುವುದು ಇವರ ಕಸುಬು. ಸ್ಟುಡಿಯೋದವರ ಬಾಯಲ್ಲಿ ಇವರು ‘ಹೆಜ್ಜೆ ಮೇಷ್ಟ್ರು’. ಇಪ್ಪತ್ತೆರಡು ವರ್ಷ, ಇನ್ನೂರಕ್ಕೂ ಹೆಚ್ಚು ಸಿನಿಮಾ, ದಿನಕ್ಕೆ ಸುಮಾರು ಮೂರು ಸಾವಿರ ಹೆಜ್ಜೆ. ಇವರ ಹೆಸರು ಪರದೆಗೆ ಬರುವ ಹೊತ್ತಿಗೆ ಪ್ರೇಕ್ಷಕರು ಗೇಟು ದಾಟಿರುತ್ತಾರೆ. “ನಾನು ನಡೆದಿದ್ದು ಯಾರಿಗೂ ಗೊತ್ತಾಗ್ಬಾರ್ದು. ಗೊತ್ತಾಯ್ತೋ, ಕೆಲಸ ಕೆಟ್ಟಿತು ಅಂತ್ಲೇ ಅರ್ಥ,” ಎನ್ನುತ್ತಾರೆ.

ಈಗ ಕೈಯಲ್ಲಿರುವುದು ಒಂದು ಹಾಸ್ಯಚಿತ್ರ. ವಿಚ್ಛೇದನವಾದ ಅಪ್ಪ ಮಗಳಿಗಾಗಿ ಪಡಬಾರದ ಪಾಡು ಪಡುವ ಕಥೆ. ಮೇಷ್ಟ್ರಿಗೆ ಅದು ಬರೀ ಕಥೆಯಲ್ಲ. ಮೂರು ವರ್ಷದ ಹಿಂದೆ ಅವರ ಸಂಸಾರವೂ ಮುರಿಯಿತು. “ಮನೆ ಪಾತ್ರೆ, ಬಾಗಿಲ ಚಿಲಕ, ಎಲ್ಲಾ ಸಿನಿಮಾ ಸದ್ದಿಗೆ ಬೇಕು ಅಂತ ಸ್ಟುಡಿಯೋಗೆ ಹೊತ್ಕೊಂಡು ಹೋಗ್ತಿದ್ದೆ. ಅವಳಾದ್ರೂ ಎಷ್ಟು ಅಂತ ತಡ್ಕೋತಾಳೆ ಪಾಪ?” ಒಂಬತ್ತು ವರ್ಷದ ಮಗಳು ಅಮ್ಮನ ಜೊತೆ ಉಳಿದಳು; ಅಪ್ಪನ ಪಾಲಿಗೆ ಭಾನುವಾರದ ನಾಲ್ಕೇ ತಾಸು. ವಾರದಲ್ಲಿ ಮೂರು ದಿನವಾದರೂ ಮಗಳು ತನ್ನ ಮನೆಯಲ್ಲಿರಲಿ ಎಂದು ಅವರು ಕೋರ್ಟಿನ ಮೆಟ್ಟಿಲು ಹತ್ತಿದರು.

ಮನೆ ಪರಿಶೀಲಿಸಲು ಬಂದ ಅಧಿಕಾರಿಣಿ ಮಂಚದ ಕೆಳಗೆ ಬಗ್ಗಿ ನೋಡಿದಾಗಲೇ ಎಡವಟ್ಟಾಗಿದ್ದು. ಸಾಲಾಗಿ ಹದಿನಾಲ್ಕು ಜೊತೆ ಹೆಂಗಸರ ಚಪ್ಪಲಿ! ಸ್ಟುಡಿಯೋದ ತೇವಕ್ಕೆ ಬೂಷ್ಟು ಹಿಡಿಯುತ್ತದೆಂದು ಇವರೇ ತಂದಿಟ್ಟಿದ್ದರು.

“ಎಷ್ಟು ಜನ ಹೆಂಗಸ್ರು ಬಂದು ಹೋಗ್ತಾರ್ರೀ ಇಲ್ಲಿಗೆ?”

“ಒಬ್ರೂ ಇಲ್ಲ ಮೇಡಂ. ಎಲ್ಲಾ ನಂದೇ.”

ಬೆಂಕಿಗೆ ತುಪ್ಪ ಸುರಿದಂತಾಯಿತು. ಅಧಿಕಾರಿಣಿಯ ಪೆನ್ನು ಸರಸರ ಓಡತೊಡಗಿತು. ಮಗಳು ಕೈತಪ್ಪಿದಳೆಂದು ಮೇಷ್ಟ್ರ ಜೀವ ಬಾಯಿಗೆ ಬಂತು. “ಎರಡೇ ನಿಮಿಷ ಕಣ್ಣು ಮುಚ್ಕೊಳ್ಳಿ ಮೇಡಂ,” ಎಂದು ಅಂಗಲಾಚಿದರು. ಅವರು ಕಣ್ಣು ಮುಚ್ಚಿದ್ದೇ ತಡ, ತುಂಬು ಬಸುರಿಯೊಬ್ಬಳು ನಿಧಾನಕ್ಕೆ ಕೋಣೆ ದಾಟಿದಳು. ಮಂಡಿನೋವಿನ ಅಜ್ಜಿಯೊಬ್ಬಳು ಗೊಣಗುತ್ತಾ ಅಡುಗೆಮನೆಗೆ ಹೋದಳು. ಸ್ಕೂಲಿಗೆ ತಡವಾದ ಹುಡುಗಿಯೊಬ್ಬಳು ಓಡಿಬಂದಳು. ಕಣ್ಣು ಬಿಟ್ಟರೆ ಎದುರಿಗೆ, ಎರಡೂ ಅಂಗೈಗೆ ಪುಟ್ಟ ಬೂಟು ತೊಟ್ಟು ಮಂಡಿಯೂರಿದ ಮೇಷ್ಟ್ರು! “ಆ ಅಜ್ಜಿ ನಮ್ಮತ್ತೇನೇ ಕಣ್ರೀ!” ಎಂದು ಅಧಿಕಾರಿಣಿ ಹೊಟ್ಟೆ ಹಿಡಿದು ನಕ್ಕರು.

ಆಮೇಲೆ ಮಗಳ ಅಮ್ಮನನ್ನೂ ವಿಚಾರಿಸಿದರು. “ಗಂಡನಾಗಿ ಸಾಕೋಸಾಕು ಅನ್ನಿಸಿಬಿಟ್ರು. ಆದ್ರೆ ಅಪ್ಪನಾಗಿ ಒಂದು ಭಾನುವಾರಾನೂ ತಪ್ಪಿಸಿಲ್ಲ,” ಎಂದರು ಆಕೆ.

ಕಳೆದ ತಿಂಗಳು ಆದೇಶ ಬಂತು: ಗುರುವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ ಮಗಳು ಅಪ್ಪನ ಮನೆಯಲ್ಲಿ. ಮೇಷ್ಟ್ರು ಉಸ್ಸಪ್ಪಾ ಎಂದು ಸ್ಟುಡಿಯೋದ ನೆಲದಲ್ಲೇ ಕೂತು ಅತ್ತರಂತೆ. ಮಗಳು ಇರುವ ದಿನ ಈಗ ಬೆಳಗಿನ ಕೆಲಸಕ್ಕೆ ರಜೆ.

ಅವಳು ಮೆಟ್ಟಿಲು ಹತ್ತಿ ಓಡಿಬರುವ ಸದ್ದನ್ನು ಹಿಡಿದಿಟ್ಟರೆ ಸಿನಿಮಾಕ್ಕೇ ಬಳಸಬಹುದು ಎಂದು ನಿರ್ದೇಶಕರು ದುಂಬಾಲು ಬಿದ್ದಿದ್ದಾರೆ. ಮೇಷ್ಟ್ರು ನಗುತ್ತಾ ಒಲ್ಲೆನೆಂದು ತಲೆಯಾಡಿಸುತ್ತಾರೆ.

“ಹಿಡಿದಿಟ್ಕೊಂಡು ಏನ್ ಮಾಡ್ಲಿ? ಈಗ ಅವಳೇ ಬರ್ತಾಳಲ್ಲ.”